ಎಟಿಸಿ ಪರೀಕ್ಷೆ: ಪುಸ್ತಕ ಮುಚ್ಚಿದ ಮೇಲಿನ ತಯಾರಿ

ಬಿ.ಎಸ್ಸಿ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ವಿದ್ಯಾರ್ಥಿಗಳ ಬಾಯಲ್ಲಿ ಕೇಳಿಬರುವ ಪಟ್ಟಿ ಹೆಚ್ಚುಕಮ್ಮಿ ಒಂದೇ: ಬಿ.ಎಡ್, ಎಂ.ಎಸ್ಸಿ, ಬ್ಯಾಂಕ್, ಎಫ್‌ಡಿಎ, ಪಿಎಸ್‌ಐ, ಕೆಎಎಸ್. ಭೌತಶಾಸ್ತ್ರ ಮತ್ತು ಗಣಿತ ಓದಿದವರಿಗಷ್ಟೇ ಬಾಗಿಲು ತೆರೆಯುವ, ಆರಂಭದಲ್ಲೇ 40,000 ರೂಪಾಯಿ ಮೂಲವೇತನವಿರುವ ಕೇಂದ್ರ ಸರ್ಕಾರಿ ಸಂಸ್ಥೆಯ ಅಧಿಕಾರಿ ಹುದ್ದೆಯೊಂದು ಆ ಪಟ್ಟಿಯಲ್ಲಿ ಸಿಗುವುದು ಅಪರೂಪ. ಅದು ವಾಯು ಸಂಚಾರ ನಿಯಂತ್ರಕರ ಹುದ್ದೆ, ಅಂದರೆ ಎಟಿಸಿ. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಜೂನಿಯರ್ ಎಕ್ಸಿಕ್ಯೂಟಿವ್ ಹೆಸರಿನಲ್ಲಿ ಈ ಹುದ್ದೆಗಳಿಗೆ ನೇಮಕಾತಿ ಮಾಡುತ್ತದೆ. 2025ರಲ್ಲಿ ಕರೆದದ್ದು 309 ಹುದ್ದೆ.

ಹುದ್ದೆಯ ಸುದ್ದಿ ಗೊತ್ತಿದ್ದವರಲ್ಲೂ ಹಲವರು ದಾರಿಯ ನಡುವೆ ನಿಂತುಬಿಡುತ್ತಾರೆ. ಗಣಿತ, ಭೌತಶಾಸ್ತ್ರಕ್ಕೆ ಮೂರು ವರ್ಷ ಓದಿದ ಟಿಪ್ಪಣಿ ಇದೆ. ರೀಸನಿಂಗ್‌ಗೆ ಪುಸ್ತಕ ಸಿಗುತ್ತದೆ. ಆದರೆ ಲಿಖಿತ ಪರೀಕ್ಷೆಯ ನಂತರ ಬರುವ ಧ್ವನಿ ಪರೀಕ್ಷೆಗೆ, ಮನೋವೈಜ್ಞಾನಿಕ ಪರೀಕ್ಷೆಗೆ ಏನು ಓದುವುದು? ಯಾರೂ ಹೇಳಿಕೊಡುವುದಿಲ್ಲ. ಲಿಖಿತ ಪರೀಕ್ಷೆ ಪಾಸಾದ ಮೇಲೆ ನೋಡೋಣ ಎಂದು ಅದನ್ನು ಮುಂದಕ್ಕೆ ಹಾಕುತ್ತಾರೆ. ಫಲಿತಾಂಶ ಬಂದ ಮೇಲೆ ಉಳಿಯುವ ದಿನಗಳಲ್ಲಿ ಆ ಕೆಲಸ ಆಗುವುದಿಲ್ಲ. ಇವು ಓದಿ ಕಲಿಯುವ ವಿಷಯಗಳಲ್ಲ, ದಿನಕ್ಕಿಷ್ಟು ಎಂದು ರೂಢಿ ಮಾಡಿಕೊಳ್ಳಬೇಕಾದವು. ಆದ್ದರಿಂದ ಈ ಲೇಖನದ ಹೆಚ್ಚಿನ ಜಾಗ ಅದಕ್ಕೇ ಮೀಸಲು.

ಮೊದಲು ನಿಮ್ಮ ಅಂಕಪಟ್ಟಿ ತೆರೆದು ನೋಡಿ

ಅರ್ಹತೆಯ ನಿಯಮ ಸರಳವಾಗಿದೆ. ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರುವ ಪೂರ್ಣಾವಧಿಯ ಮೂರು ವರ್ಷದ ಬಿ.ಎಸ್ಸಿ ಆಗಿರಬೇಕು. ಇಲ್ಲವೇ ಯಾವುದಾದರೂ ವಿಭಾಗದ ಪೂರ್ಣಾವಧಿಯ ಎಂಜಿನಿಯರಿಂಗ್ ಪದವಿ ಇರಬೇಕು, ಅದರ ಯಾವುದಾದರೂ ಒಂದು ಸೆಮಿಸ್ಟರ್‌ನಲ್ಲಿ ಭೌತಶಾಸ್ತ್ರ, ಗಣಿತ ವಿಷಯವಾಗಿರಬೇಕು. ಗರಿಷ್ಠ ವಯಸ್ಸು 27. ಒಬಿಸಿಗೆ ಮೂರು ವರ್ಷ, ಪರಿಶಿಷ್ಟ ಜಾತಿ, ಪಂಗಡಕ್ಕೆ ಐದು ವರ್ಷ ಸಡಿಲಿಕೆ ಇದೆ. 10 ಅಥವಾ 12ನೇ ತರಗತಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಪಾಸಾಗಿರಬೇಕು.

ನಿಯಮ ಸರಳವಾದರೂ ನಮ್ಮ ಕಡೆಯವರು ಎಡವುವ ಜಾಗಗಳಿವೆ. ಸಿಬಿಜೆಡ್ ಓದಿದವರಿಗೆ, ಬಿಸಿಎ ಮಾಡಿದವರಿಗೆ ಇದು ಆಗುವುದಿಲ್ಲ. ಎನ್‌ಇಪಿ ಪದ್ಧತಿಯ ವರ್ಷಗಳಲ್ಲಿ ಡಿಗ್ರಿಗೆ ಸೇರಿದವರು ಎರಡು ಮೇಜರ್ ವಿಷಯ ಓದಿದ್ದೀರಿ. ಭೌತಶಾಸ್ತ್ರದ ಜೊತೆ ರಸಾಯನಶಾಸ್ತ್ರ ಹಿಡಿದಿದ್ದರೆ ನಿಮ್ಮ ಅಂಕಪಟ್ಟಿಯಲ್ಲಿ ಗಣಿತ ಇರಲಾರದು. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷದ ಬಿ.ಇಗೆ ಸೇರಿದವರು ಇನ್ನೂ ಎಚ್ಚರವಾಗಿರಬೇಕು. ಎಂಜಿನಿಯರಿಂಗ್ ಭೌತಶಾಸ್ತ್ರ ಇರುವುದು ಮೊದಲ ವರ್ಷದಲ್ಲಿ, ಆ ವರ್ಷ ನಿಮಗೆ ಇರಲೇ ಇಲ್ಲ. ದೂರಶಿಕ್ಷಣದ ಪದವಿಯನ್ನು ಪೂರ್ಣಾವಧಿ ಎಂದು ಪರಿಗಣಿಸುವುದಿಲ್ಲ. ಇವುಗಳಲ್ಲಿ ಯಾವುದಾದರೂ ನಿಮಗೆ ಅನ್ವಯಿಸಿದರೆ, ಅರ್ಜಿ ಹಾಕುವ ಮೊದಲೇ ಅಧಿಸೂಚನೆಯಲ್ಲಿ ಕೊಟ್ಟಿರುವ ಸಹಾಯವಾಣಿಯಲ್ಲಿ ವಿಚಾರಿಸಿ. ದಾಖಲೆ ಪರಿಶೀಲನೆಯ ದಿನ ಗೊತ್ತಾದರೆ ವರ್ಷವೇ ವ್ಯರ್ಥ.

ಇನ್ನೊಂದು ಸಂಗತಿ, ಜಾತಿ ಪ್ರಮಾಣಪತ್ರ. ಇದು ಕೇಂದ್ರದ ಹುದ್ದೆ. ರಾಜ್ಯದ ಪಟ್ಟಿಯಲ್ಲಿ 2ಎ, 3ಎ, 3ಬಿ ಎಂದಿದ್ದ ಮಾತ್ರಕ್ಕೆ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆ ಎಂದು ಅರ್ಥವಲ್ಲ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಪಟ್ಟಿಯಲ್ಲಿ ಕರ್ನಾಟಕದ ಕೆಳಗೆ ನಿಮ್ಮ ಜಾತಿಯ ಹೆಸರು ಹುಡುಕಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಎಂಬ ಉಲ್ಲೇಖದೊಂದಿಗೆ ತಹಶೀಲ್ದಾರರಿಂದ ಪ್ರಮಾಣಪತ್ರ ಮಾಡಿಸಿ. ಯಾವ ಮೀಸಲಾತಿಗೂ ಒಳಪಡದಿದ್ದರೆ ಇಡಬ್ಲ್ಯುಎಸ್‌ಗೆ ಅರ್ಹರೇ ನೋಡಿಕೊಳ್ಳಿ. ನಾಡಕಚೇರಿಯಲ್ಲಿ ಸಿಗುವ ಮಾಮೂಲಿ ಜಾತಿ-ಆದಾಯ ಪತ್ರ ಹಿಡಿದು ಹೋದರೆ ನಡೆಯುವುದಿಲ್ಲ.

ಪರೀಕ್ಷೆ ಹೇಗಿರುತ್ತದೆ

ಮೊದಲ ಹಂತ ಕಂಪ್ಯೂಟರ್ ಆಧಾರಿತ ಪರೀಕ್ಷೆ. 120 ಪ್ರಶ್ನೆ, 120 ಅಂಕ, 120 ನಿಮಿಷ. ಇಂಗ್ಲಿಷ್ 20, ರೀಸನಿಂಗ್ 15, ಅಂಕಗಣಿತ 15, ಸಾಮಾನ್ಯ ಜ್ಞಾನ 10. ಉಳಿದ 60 ಪ್ರಶ್ನೆ ಗಣಿತ ಮತ್ತು ಭೌತಶಾಸ್ತ್ರದ್ದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ.

ಇದರಲ್ಲಿ ಆಯ್ಕೆಯಾದವರಿಗೆ ದಾಖಲೆ ಪರಿಶೀಲನೆ, ಧ್ವನಿ ಪರೀಕ್ಷೆ, ಮಾದಕ ವಸ್ತು ಸೇವನೆಯ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆ ನಡೆಯುತ್ತವೆ. ಇವು ಅರ್ಹತೆಯ ಹಂತಗಳು. ಇಲ್ಲಿ ಹೆಚ್ಚು ಅಂಕ ಗಳಿಸಿ ಮೇಲೇರುವಂತಿಲ್ಲ, ಆದರೆ ಒಂದರಲ್ಲಿ ಬಿದ್ದರೂ ಹುದ್ದೆ ಹೋಯಿತು. ರ್‍ಯಾಂಕ್ ನಿರ್ಧಾರವಾಗುವುದು ಲಿಖಿತ ಪರೀಕ್ಷೆಯಲ್ಲೇ.

ಗಣಿತ, ಭೌತಶಾಸ್ತ್ರಕ್ಕೆ ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ದ್ವಿತೀಯ ಪಿಯುಸಿಯ ಪುಸ್ತಕಗಳನ್ನು ಒಂದೂ ಅಧ್ಯಾಯ ಬಿಡದೆ ಮುಗಿಸಿ, ಆಮೇಲೆ ಡಿಗ್ರಿಯ ಮೊದಲ ಎರಡು ವರ್ಷದ ಕಲನಶಾಸ್ತ್ರ, ಮಾತೃಕೆಗಳು, ಅವಕಲ ಸಮೀಕರಣ, ದ್ಯುತಿಶಾಸ್ತ್ರ, ಅರೆವಾಹಕಗಳನ್ನು ಸೇರಿಸಿಕೊಳ್ಳಿ. ಕಷ್ಟ ಇರುವುದು ವಿಷಯದಲ್ಲಲ್ಲ, ವೇಗದಲ್ಲಿ. ಡಿಗ್ರಿ ಪರೀಕ್ಷೆಯಲ್ಲಿ ಒಂದು ಲೆಕ್ಕಕ್ಕೆ ಹತ್ತು ನಿಮಿಷ ಸಿಗುತ್ತಿತ್ತು, ಇಲ್ಲಿ ಒಂದು ನಿಮಿಷ. ಹಂತ ಹಂತವಾಗಿ ಬರೆದು ಬಿಡಿಸುವ ರೂಢಿಯನ್ನು ಬಿಟ್ಟು, ಆಯ್ಕೆಗಳನ್ನು ಸಮೀಕರಣಕ್ಕೆ ಹಾಕಿ ನೋಡುವುದು, ಆಯಾಮ ಹೊಂದದ ಉತ್ತರಗಳನ್ನು ಹೊಡೆದುಹಾಕುವುದು ಕಲಿಯಬೇಕು.

ಸಮಯ ಹಂಚಿಕೆಗೆ ನನ್ನ ಸಲಹೆ ಇದು: ಇಂಗ್ಲಿಷ್‌ಗೆ 15 ನಿಮಿಷ, ರೀಸನಿಂಗ್‌ಗೆ 15, ಅಂಕಗಣಿತಕ್ಕೆ 18, ಸಾಮಾನ್ಯ ಜ್ಞಾನಕ್ಕೆ 4, ಭೌತಶಾಸ್ತ್ರಕ್ಕೆ 25, ಗಣಿತಕ್ಕೆ 38. ಉಳಿಯುವ ಐದು ನಿಮಿಷ ಬಿಟ್ಟುಹೋದ ಪ್ರಶ್ನೆಗಳಿಗೆಲ್ಲ ಉತ್ತರ ಗುರುತು ಮಾಡಲು. ಅಂಕ ಕಳೆಯದ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಏಳಬೇಡಿ.

ಗೋಪುರದಲ್ಲಿ ಬೇಕಾದದ್ದೇನು

ಮುಂದಿನ ಹಂತಗಳಲ್ಲಿ ಏನನ್ನು ನೋಡುತ್ತಾರೆ ಎಂದು ತಿಳಿಯಲು ಈ ಕೆಲಸವನ್ನೇ ಹತ್ತಿರದಿಂದ ನೋಡಬೇಕು. ರಡಾರ್ ಪರದೆಯ ಮುಂದೆ ಕುಳಿತ ನಿಯಂತ್ರಕರು ಏಕಕಾಲಕ್ಕೆ ಹಲವು ವಿಮಾನಗಳನ್ನು ಗಮನಿಸುತ್ತಿರುತ್ತಾರೆ. ಎರಡು ವಿಮಾನಗಳ ನಡುವೆ ಎತ್ತರದಲ್ಲಿ ಸಾಮಾನ್ಯವಾಗಿ 1,000 ಅಡಿ ಅಂತರ ಇರಬೇಕು. ಅದಿಲ್ಲದಿದ್ದರೆ ದೂರದ ಹಾರಾಟದಲ್ಲಿ ಅಡ್ಡಕ್ಕೆ ಐದು ನಾಟಿಕಲ್ ಮೈಲಿ ಇರಬೇಕು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್.

ಒಂದು ಲೆಕ್ಕ ನೋಡಿ. ಒಂದೇ ಎತ್ತರದಲ್ಲಿ ಎರಡು ವಿಮಾನಗಳು ಒಂದು ಬಿಂದುವಿನ ಕಡೆ ಲಂಬಕೋನದಲ್ಲಿ ಬರುತ್ತಿವೆ. ಮೊದಲನೆಯದು 40 ಮೈಲಿ ದೂರದಲ್ಲಿದೆ, ವೇಗ 480 ನಾಟ್, ಅಂದರೆ ಗಂಟೆಗೆ 480 ನಾಟಿಕಲ್ ಮೈಲಿ. ಎರಡನೆಯದು 36 ಮೈಲಿ ದೂರದಲ್ಲಿದೆ, ವೇಗ 360 ನಾಟ್. 480 ನಾಟ್ ಎಂದರೆ ನಿಮಿಷಕ್ಕೆ 8 ಮೈಲಿ, 360 ಎಂದರೆ 6 ಮೈಲಿ. ಮೊದಲನೆಯದು 5 ನಿಮಿಷಕ್ಕೆ, ಎರಡನೆಯದು 6 ನಿಮಿಷಕ್ಕೆ ಬಿಂದುವನ್ನು ತಲುಪುತ್ತದೆ. ಮೊದಲನೆಯದು ಬಿಂದುವಿನ ಮೇಲಿರುವಾಗ ಎರಡನೆಯದು ಇನ್ನೂ 6 ಮೈಲಿ ಹಿಂದಿದೆ. ಐದಕ್ಕಿಂತ ಹೆಚ್ಚಿದೆ, ಸಾಕು ಎನ್ನಿಸುತ್ತದೆ. ಸಾಲದು. ಅಲ್ಲಿಂದ ಸುಮಾರು 22 ಸೆಕೆಂಡು ಕಳೆಯಲಿ. ಮೊದಲನೆಯದು ಬಿಂದು ದಾಟಿ 2.88 ಮೈಲಿ ಹೋಗಿರುತ್ತದೆ, ಎರಡನೆಯದು ಬಿಂದುವಿಗೆ 3.84 ಮೈಲಿ ದೂರದಲ್ಲಿರುತ್ತದೆ. ಪೈಥಾಗೊರಸ್ ಪ್ರಮೇಯ ಹಾಕಿದರೆ ನಡುವಿನ ಅಂತರ 4.8 ಮೈಲಿ. ನಿಯಮ ಮುರಿಯಿತು.

ನಿಯಂತ್ರಕರು ಇದನ್ನು ಕಾಗದದ ಮೇಲೆ ಬಿಡಿಸುತ್ತಾ ಕೂರುವುದಿಲ್ಲ. ಪರದೆ ನೋಡಿದೊಡನೆ ಇವೆರಡೂ ಹತ್ತಿರ ಬರುತ್ತವೆ ಎಂದು ಹೊಳೆಯಬೇಕು, ಅದೇ ಹೊತ್ತಿನಲ್ಲಿ ಮೂರನೆಯ ವಿಮಾನದ ಪೈಲಟ್ ಹೇಳುವುದನ್ನು ಕೇಳಿಸಿಕೊಳ್ಳಬೇಕು, ನಾಲ್ಕನೆಯದಕ್ಕೆ ಉತ್ತರ ಕೊಡಬೇಕು. ಆದ್ದರಿಂದಲೇ ಜಗತ್ತಿನ ಎಲ್ಲ ಕಡೆ ಈ ಹುದ್ದೆಗೆ ಗಮನ, ತಾತ್ಕಾಲಿಕ ನೆನಪು, ದಿಕ್ಕಿನ ಅರಿವು, ಬಾಯಿಲೆಕ್ಕ, ಸ್ಪಷ್ಟ ಮಾತು ಇವನ್ನು ಅಳೆಯುತ್ತಾರೆ. ಯುರೋಪಿನ ಹಲವು ದೇಶಗಳು ಬಳಸುವ ಫೀಸ್ಟ್ ಪರೀಕ್ಷೆಯಲ್ಲೂ ಅಮೆರಿಕದ ಎಟಿ-ಎಸ್‌ಎ ಪರೀಕ್ಷೆಯಲ್ಲೂ ಇದೇ ತಿರುಳು. ಎಟಿ-ಎಸ್‌ಎಯ ಒಂದು ಭಾಗದಲ್ಲಿ ಪರದೆಯ ಮೇಲೆ ಚಲಿಸುವ ಚುಕ್ಕೆಗಳು ಡಿಕ್ಕಿಯಾಗದಂತೆ ನೋಡಿಕೊಳ್ಳುತ್ತಲೇ ಲೆಕ್ಕಗಳಿಗೂ ಉತ್ತರಿಸಬೇಕು. ನಮ್ಮ ಪ್ರಾಧಿಕಾರದ ಮನೋವೈಜ್ಞಾನಿಕ ಪರೀಕ್ಷೆ ಇವುಗಳ ನಕಲು ಎಂದುಕೊಳ್ಳಬೇಡಿ. ಆದರೂ ಕೆಲಸ ಒಂದೇ ಆದ್ದರಿಂದ ತಯಾರಿಯ ದಿಕ್ಕೂ ಒಂದೇ.

ಅಭ್ಯಾಸ ಏಕೆ ಫಲ ಕೊಡುತ್ತದೆ? ನೆನಪಿನ ಆಟ ಆಡಿದರೆ ಬುದ್ಧಿ ದುಪ್ಪಟ್ಟಾಗುತ್ತದೆ ಎಂಬ ಜಾಹೀರಾತುಗಳನ್ನು ನಂಬಬೇಡಿ. ಆಗುವುದು ಬೇರೆ. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ಸಂಗತಿಗಳಿಗೆ ಮಿತಿ ಇದೆ. 8ರ ಮಗ್ಗಿಯನ್ನೋ ದಕ್ಷಿಣ ಎಂದರೆ 180 ಡಿಗ್ರಿ ಎಂಬುದನ್ನೋ ಯೋಚಿಸಿ ಹೇಳಬೇಕಾದರೆ ಆ ಮಿತಿಯ ಒಂದು ಪಾಲು ಅಲ್ಲೇ ಖರ್ಚಾಗುತ್ತದೆ. ಯೋಚಿಸದೆ ಬರುವಂತಾದರೆ ಆ ಪಾಲು ಹೊಸ ಸಂಗತಿಗೆ ಉಳಿಯುತ್ತದೆ. ಕೆಳಗಿನ ಅಭ್ಯಾಸಗಳ ಉದ್ದೇಶ ಇಷ್ಟೇ. ಯಾವುದಕ್ಕೂ ದುಡ್ಡು ಬೇಕಿಲ್ಲ.

ದಿನಕ್ಕೆ 40 ನಿಮಿಷದ ಅಭ್ಯಾಸ

1. ದಿಕ್ಕು ಮತ್ತು ಡಿಗ್ರಿ. ಉತ್ತರ 360, ಪೂರ್ವ 090, ದಕ್ಷಿಣ 180, ಪಶ್ಚಿಮ 270. ವಿಮಾನದ ದಿಕ್ಕನ್ನು ಯಾವಾಗಲೂ ಮೂರು ಅಂಕಿಯಲ್ಲಿ, ಒಂದೊಂದೇ ಅಂಕಿಯಾಗಿ ಹೇಳುತ್ತಾರೆ. ನಿಮ್ಮ ಊರನ್ನೇ ನಕ್ಷೆಯಾಗಿ ಇಟ್ಟುಕೊಳ್ಳಿ. ತುಮಕೂರಿನಿಂದ ನೇರ ಗೆರೆ ಎಳೆದರೆ ಗುಬ್ಬಿ ಸುಮಾರು 260 ಡಿಗ್ರಿಯಲ್ಲಿದೆ, ಕುಣಿಗಲ್ ಸುಮಾರು 190ರಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ಸುಮಾರು 100ರಲ್ಲಿ. ಹಾಗಾದರೆ ಗುಬ್ಬಿಯಿಂದ ತುಮಕೂರಿಗೆ? ತಿರುಗುದಿಕ್ಕಿಗೆ 180 ಕೂಡಿಸುವ ಬದಲು ಸುಲಭದ ದಾರಿ ಇದೆ: ಕೊಟ್ಟ ದಿಕ್ಕು 180ಕ್ಕಿಂತ ಕಡಿಮೆ ಇದ್ದರೆ 200 ಕೂಡಿಸಿ 20 ಕಳೆಯಿರಿ, ಹೆಚ್ಚಿದ್ದರೆ 200 ಕಳೆದು 20 ಕೂಡಿಸಿ. 260ಕ್ಕೆ 080, ದೇವನಹಳ್ಳಿಯ 100ಕ್ಕೆ 280. 180ರ ಆಚೆಗೆ ಸ್ವಲ್ಪವೇ ಇರುವ ಕುಣಿಗಲ್‌ನ 190ರಂಥದ್ದಕ್ಕೆ ನೇರವಾಗಿ 180 ಕಳೆದರಾಯಿತು, 010.

ಇದಾದ ಮೇಲೆ ತಿರುವುಗಳಿಗೆ ಬನ್ನಿ. 260ರಲ್ಲಿ ಹೋಗುತ್ತಿರುವುದು 190ಕ್ಕೆ ಬರಬೇಕಾದರೆ ಎಡಕ್ಕೆ 70. 350ರಿಂದ 040ಕ್ಕೆ ಬಲಕ್ಕೆ 50. ಹೆಚ್ಚಿನವರು ತಪ್ಪುವುದು ದಕ್ಷಿಣಕ್ಕೆ ಮುಖ ಮಾಡಿದ ವಿಮಾನದಲ್ಲಿ. ನಕ್ಷೆಯಲ್ಲಿ ಅದು ನಿಮ್ಮ ಕಡೆಗೆ ಬರುತ್ತಿರುತ್ತದೆ, ಅದರ ಬಲ ನಿಮ್ಮ ಎಡ. ಇದಕ್ಕೊಂದು ಉಪಾಯ: ತುಮಕೂರಿನಿಂದ ಕುಣಿಗಲ್‌ಗೆ ಹೊರಟ ಬಸ್ಸಿನಲ್ಲಿ ನೀವೇ ಕೂತಿದ್ದೀರಿ ಎಂದುಕೊಳ್ಳಿ. ಬಲಗಡೆ ಕಿಟಕಿಯ ಆಚೆ ಗುಬ್ಬಿ ಸೀಮೆ, ಅಂದರೆ ಪಶ್ಚಿಮ. ಹೊರಗೆ ನಿಂತು ನೋಡುವುದನ್ನು ಬಿಟ್ಟು ಒಳಗೆ ಕೂತು ನೋಡುವುದನ್ನು ಕಲಿತರೆ ಈ ಪ್ರಶ್ನೆಗಳಲ್ಲಿ ತಪ್ಪುವುದಿಲ್ಲ.

2. ವೇಗದಿಂದ ನಿಮಿಷಕ್ಕೆ. 60ರಿಂದ ಭಾಗಿಸುವುದು ಬಾಯಿಪಾಠ ಇರಲಿ: 240ಕ್ಕೆ 4, 300ಕ್ಕೆ 5, 360ಕ್ಕೆ 6, 420ಕ್ಕೆ 7, 480ಕ್ಕೆ 8, 540ಕ್ಕೆ 9. ಸ್ನೇಹಿತರೊಬ್ಬರು ದೂರ ಮತ್ತು ವೇಗ ಹೇಳುತ್ತಾ ಹೋಗಲಿ, ನೀವು ನಿಮಿಷ ಹೇಳಿ. 56 ಮೈಲಿ, 420 ನಾಟ್: 8 ನಿಮಿಷ. 45 ಮೈಲಿ, 540 ನಾಟ್: 5 ನಿಮಿಷ. ಪೆನ್ನು ಮುಟ್ಟಬಾರದು. ಇದು ಲಿಖಿತ ಪರೀಕ್ಷೆಯ ಅಂಕಗಣಿತಕ್ಕೂ ನೆರವಾಗುತ್ತದೆ.

3. ಹಿಂದಿನದರ ಹಿಂದಿನದು. ಎಟಿ-ಎಸ್‌ಎಯಲ್ಲಿ ಸಂಖ್ಯೆಗಳು ಒಂದಾದ ಮೇಲೊಂದು ಬರುತ್ತವೆ, ಈಗಿನದನ್ನು ಒಂದು ಅಥವಾ ಎರಡು ಹಿಂದಿನದಕ್ಕೆ ಹೋಲಿಸಬೇಕು. ಇದನ್ನು ಬಿ.ಎಚ್. ರಸ್ತೆಯ ಬದಿಯಲ್ಲಿ, ಬಸ್ ಕಾಯುವಾಗ ಅಭ್ಯಾಸ ಮಾಡಬಹುದು. ಹಾದುಹೋಗುವ ಕೆಎ-06 ಗಾಡಿಗಳ ನಂಬರಿನ ಕೊನೆಯ ಎರಡು ಅಂಕಿಗಳನ್ನಷ್ಟೇ ನೋಡಿ. 47, 82, 35 ಎಂದು ಬಂದರೆ, 35 ಕಂಡಾಗ ಮನಸ್ಸಿನಲ್ಲಿ 47 ಇರಬೇಕು. ಈಗಿನದು ಅದಕ್ಕಿಂತ ದೊಡ್ಡದೋ ಚಿಕ್ಕದೋ ಹೇಳಿ, 47ನ್ನು ಬಿಟ್ಟು 82ನ್ನು ಹಿಡಿಯಿರಿ. ಹಿಡಿಯುವುದಕ್ಕಿಂತ ಬಿಡುವುದು ಕಷ್ಟ, ಪರೀಕ್ಷೆ ಅಳೆಯುವುದೂ ಅದನ್ನೇ. ನೀವು ಗಾಡಿ ಓಡಿಸುವಾಗ ಮಾತ್ರ ಇದನ್ನು ಮಾಡಲೇಬೇಡಿ.

4. ನಾಲ್ಕಂಕಿಯ ಸಂಕೇತ. ಪ್ರತಿ ವಿಮಾನಕ್ಕೆ ರಡಾರ್‌ಗಾಗಿ ನಾಲ್ಕು ಅಂಕಿಯ ಸಂಕೇತ ಕೊಡುತ್ತಾರೆ, ಅದರಲ್ಲಿ 0ಯಿಂದ 7ರವರೆಗಿನ ಅಂಕಿಗಳು ಮಾತ್ರ ಇರುತ್ತವೆ. ಹತ್ತು ಚೀಟಿಗಳಲ್ಲಿ ಒಂದೊಂದು ವಿಮಾನದ ಹೆಸರು, ಎತ್ತರ, ಸಂಕೇತ ಬರೆದುಕೊಳ್ಳಿ. ಮೂರು ಚೀಟಿ ನೋಡಿ ತಿರುಗಿಸಿಡಿ, ಒಂದು ಬಾಯಿಲೆಕ್ಕ ಮಾಡಿ, ಆಮೇಲೆ ಮೂರನ್ನೂ ಹೇಳಿ. ಬರುತ್ತಿದ್ದಂತೆ ನಾಲ್ಕಕ್ಕೆ ಏರಿಸಿ.

5. ಕೇಳುತ್ತಾ ಲೆಕ್ಕ. ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಹಾಕಿಕೊಂಡು ಎರಡಂಕಿಯ ಗುಣಾಕಾರಗಳನ್ನು ಬಿಡಿಸಿ. ವಾರ್ತೆಯಲ್ಲಿ ಬರುವ ಪ್ರತಿ ಸಂಖ್ಯೆಯನ್ನೂ ಬದಿಯಲ್ಲಿ ಬರೆದುಕೊಳ್ಳಿ. ಮೊದಲ ವಾರ ಎರಡೂ ಕೆಡುತ್ತವೆ. ಬಿಡಬೇಡಿ. ಒಂದು ಮಾತು ನೆನಪಿರಲಿ: ಮನಸ್ಸು ಎರಡು ಕೆಲಸ ಒಟ್ಟಿಗೆ ಮಾಡುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಬೇಗ ಬೇಗ ಹೋಗಿಬರುತ್ತದೆ. ನೀವು ಕಲಿಯುತ್ತಿರುವುದು ಬಿಟ್ಟ ಜಾಗಕ್ಕೆ ಸರಿಯಾಗಿ ವಾಪಸು ಬರುವುದನ್ನು.

ಧ್ವನಿ ಪರೀಕ್ಷೆ: ಭಯ ಬೇಡ, ಆದರೆ ಹಗುರವಾಗಿ ಕಾಣಬೇಡಿ

ಕನ್ನಡ ಮಾಧ್ಯಮದಲ್ಲಿ ಓದಿದವರು ಅತಿ ಹೆಚ್ಚು ಹೆದರುವುದು ಇದಕ್ಕೆ. ಇಂಗ್ಲಿಷ್ ಗದ್ಯವನ್ನು ಗಟ್ಟಿಯಾಗಿ ಓದಿಸಿ ಮಾತು ಸ್ಪಷ್ಟವಾಗಿದೆಯೇ, ತೊದಲುತ್ತದೆಯೇ, ನುಂಗಿಹೋಗುತ್ತದೆಯೇ ಎಂದು ನೋಡುತ್ತಾರೆ. ಅವರಿಗೆ ಬೇಕಾದ್ದು ಲಂಡನ್ನಿನ ಉಚ್ಚಾರವಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಭಾಷಾ ಸಾಮರ್ಥ್ಯಕ್ಕೆ ಆರು ಹಂತಗಳನ್ನು ಗೊತ್ತುಮಾಡಿದೆ, ಕೆಲಸ ಮಾಡಲು ನಾಲ್ಕನೆಯ ಹಂತ ಸಾಕು. ಆ ಹಂತದಲ್ಲಿ ಮಾತೃಭಾಷೆಯ ಛಾಯೆ ಉಚ್ಚಾರದಲ್ಲಿ ಇರಬಹುದು, ಅದು ಅರ್ಥಕ್ಕೆ ಅಡ್ಡಿಯಾಗುವುದು ಕೆಲವೊಮ್ಮೆ ಮಾತ್ರ ಆಗಿರಬೇಕು, ಅಷ್ಟೆ. ನಮ್ಮ ಮಾತಿನಲ್ಲಿ ಕನ್ನಡ ಕೇಳಿಸಿದರೆ ತಪ್ಪಲ್ಲ, ಅಂಕಿ ತಪ್ಪಾಗಿ ಕೇಳಿಸಿದರೆ ತಪ್ಪು.

ಇದಕ್ಕೆ ಕಾರಣ ಬಹಳ ಗಂಭೀರವಾದದ್ದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಿಸ್ತಾನದ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಜನ ಸತ್ತರು. ಸೌದಿ ವಿಮಾನಕ್ಕೆ 14,000 ಅಡಿಯಲ್ಲಿ, ಕಜಕ್ ವಿಮಾನಕ್ಕೆ 15,000 ಅಡಿಯಲ್ಲಿ ಇರಲು ಹೇಳಲಾಗಿತ್ತು. ಕಜಕ್ ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗಿಳಿದಿತ್ತು. ಅದರ ಸಿಬ್ಬಂದಿಯ ಇಂಗ್ಲಿಷ್ ಸಾಲದಾಗಿದ್ದದ್ದೂ ತನಿಖೆಯಲ್ಲಿ ಚರ್ಚೆಗೆ ಬಂತು. ರೇಡಿಯೋದಲ್ಲಿ ಇಂಗ್ಲಿಷ್‌ನ ಐದು ಮತ್ತು ಒಂಬತ್ತು ಒಂದರಂತೆ ಇನ್ನೊಂದು ಕೇಳಿಸಬಹುದು ಎಂದೇ ಒಂಬತ್ತನ್ನು ‘ನೈನರ್’, ಐದನ್ನು ‘ಫೈಫ್’, ಮೂರನ್ನು ‘ಟ್ರೀ’ ಎಂದು ಹೇಳುವ ಪದ್ಧತಿ ಇದೆ. ಇವನ್ನು ತರಬೇತಿಯಲ್ಲಿ ಕಲಿಸುತ್ತಾರೆ, ಧ್ವನಿ ಪರೀಕ್ಷೆಯಲ್ಲಿ ಕೊಟ್ಟ ಗದ್ಯವನ್ನು ಇದ್ದಂತೆಯೇ ಓದಿ.

ನಮ್ಮ ಸೀಮೆಯ ನಾಲಿಗೆಗೆ ಸಾಮಾನ್ಯವಾಗಿ ಎದುರಾಗುವ ತೊಡಕುಗಳು ನಾಲ್ಕು. ಮೊದಲನೆಯದು, ಎಕಾರದಿಂದ ಶುರುವಾಗುವ ಪದಕ್ಕೆ ‘ಯ’ ಸೇರಿಸುವುದು: ‘ಎಯ್ಟ್’ ಎನ್ನುವುದು ‘ಯೈಟ್’ ಆಗುತ್ತದೆ, ‘ಎಲೆವೆನ್’ ‘ಯೆಲೆವೆನ್’ ಆಗುತ್ತದೆ. ಎರಡನೆಯದು, ವ್ಯಂಜನದಲ್ಲಿ ನಿಲ್ಲಬೇಕಾದ ಪದಕ್ಕೆ ಕೊನೆಯಲ್ಲಿ ಉಕಾರ: ‘ಲೆಫ್ಟು’, ‘ರೈಟು’. ಮೂರನೆಯದು, ಫ಼ಕಾರ ಪಕಾರವಾಗುವುದು: ‘ಪ್ಲೈಟ್’, ‘ಪೈವ್’. ನಾಲ್ಕನೆಯದು, ಹಕಾರ ಬಿದ್ದುಹೋಗುವುದು ಅಥವಾ ಇಲ್ಲದ ಕಡೆ ಬರುವುದು: ‘ಹೆಡಿಂಗ್’ ಹೋಗಿ ‘ಎಡಿಂಗ್’. ನಿಮ್ಮಲ್ಲಿ ಯಾವುದಿದೆ ಎಂದು ನಿಮ್ಮ ಕಿವಿಗೆ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಒಂದು ಪುಟ ಓದಿ ರೆಕಾರ್ಡ್ ಮಾಡಿ, ಮಾರನೆಯ ದಿನ ಕೇಳಿ, ತಪ್ಪಿದ ಪದಗಳ ಕೆಳಗೆ ಗೆರೆ ಎಳೆಯಿರಿ. ಅದೇ ಪುಟವನ್ನು ಒಂದು ವಾರ ಓದಿ. ಹೊಸ ಹೊಸ ಪುಟ ಓದುವುದಕ್ಕಿಂತ ಒಂದೇ ಪುಟವನ್ನು ತಿದ್ದಿಕೊಳ್ಳುವುದು ಬೇಗ ಫಲ ಕೊಡುತ್ತದೆ.

ವೇಗ ಇಳಿಸಿ. ನಿಮಿಷಕ್ಕೆ ನೂರು ಪದ ಮೀರದಂತೆ ಓದಲು ಪ್ರಯತ್ನಿಸಿ, ಅಂಕಿಗಳ ಮುಂದೆ ಹಿಂದೆ ಕ್ಷಣಕಾಲ ನಿಲ್ಲಿಸಿ. ಹೆದರಿದಾಗ ನಾವೆಲ್ಲ ಬೇಗ ಓದುತ್ತೇವೆ, ಬೇಗ ಓದಿದಾಗಲೇ ಪದದ ತುದಿ ನುಂಗುವುದು. ತೊದಲಿನ ತೊಂದರೆ ಇದ್ದವರು ಅದನ್ನು ಮುಚ್ಚಿಟ್ಟುಕೊಂಡು ಹೋಗುವ ಬದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮೊದಲೇ ತೋರಿಸಿಕೊಳ್ಳಿ. ತೋರಿಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆರೋಗ್ಯ: ಇವತ್ತೇ ಮಾಡಿಸಬಹುದಾದ ತಪಾಸಣೆ

ಎರಡು ವರ್ಷ ಓದಿ, ಲಿಖಿತ ಪರೀಕ್ಷೆ ಗೆದ್ದು, ವೈದ್ಯಕೀಯ ತಪಾಸಣೆಯಲ್ಲಿ ಬಣ್ಣ ಗುರುತಿಸುವ ದೋಷ ಇದೆ ಎಂದು ತಿಳಿಯುವುದು ತುಂಬಾ ನೋವಿನ ಸಂಗತಿ. ಹುಟ್ಟಿನಿಂದ ಬಂದ ಬಣ್ಣಗುರುಡು ಇದ್ದರೂ ಎಷ್ಟೋ ಜನರಿಗೆ ಅದರ ಅರಿವೇ ಇರುವುದಿಲ್ಲ. ಗಂಡುಮಕ್ಕಳಲ್ಲಿ ಇದು ಹೆಚ್ಚು. ತುಮಕೂರು ಜಿಲ್ಲಾಸ್ಪತ್ರೆಯಲ್ಲೋ ಹತ್ತಿರದ ಕಣ್ಣಿನ ವೈದ್ಯರಲ್ಲೋ ಇಶಿಹಾರ ಪಟ್ಟಿಯ ಪರೀಕ್ಷೆ ಮಾಡಿಸಿ, ಹತ್ತು ನಿಮಿಷದ ಕೆಲಸ. ಜೊತೆಗೆ ಕಿವಿಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಕನ್ನಡಕ ಇದ್ದರೆ ಆಯ್ಕೆಯಾಗುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಅಂತರರಾಷ್ಟ್ರೀಯ ಮಾನದಂಡದಂತೆ ಕನ್ನಡಕ ಹಾಕಿದ ಮೇಲೆ ಒಂದೊಂದು ಕಣ್ಣಿಗೆ 6/9, ಎರಡೂ ಸೇರಿ 6/6 ದೃಷ್ಟಿ ಬಂದರೆ ಆಯಿತು.

ಮಾದಕ ವಸ್ತುವಿನ ಪರೀಕ್ಷೆಯಲ್ಲಿ ಗಾಂಜಾ, ಅಫೀಮಿನ ಅಂಶ, ನಿದ್ರೆಯ ಮಾತ್ರೆಯ ಅಂಶಗಳನ್ನು ಹುಡುಕುತ್ತಾರೆ. ಸ್ನೇಹಿತರ ಒಂದು ದಿನದ ಒತ್ತಾಯ ಹುದ್ದೆಯನ್ನೇ ಕಳೆಯಬಹುದು. ಕೆಲವು ಕೆಮ್ಮಿನ ಔಷಧಿಗಳಲ್ಲಿ ಕೊಡೀನ್ ಇರುತ್ತದೆ, ಅದೂ ಅಫೀಮಿನ ಜಾತಿಗೇ ಸೇರಿದ್ದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಔಷಧಿ ಕುಡಿದು ಹೋಗಬೇಡಿ. ವೈದ್ಯರು ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿಯನ್ನು ಜೊತೆಗಿಟ್ಟುಕೊಂಡು ಮೊದಲೇ ತಿಳಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮನೋವೈಜ್ಞಾನಿಕ ಪರೀಕ್ಷೆಯ ಸ್ವಭಾವದ ಪ್ರಶ್ನೆಗಳಿಗೆ ‘ಅವರಿಗೆ ಬೇಕಾದ’ ಉತ್ತರ ಊಹಿಸಿ ಬರೆಯುವುದು ದೊಡ್ಡ ತಪ್ಪು. ನನಗೆ ಕೋಪವೇ ಬರುವುದಿಲ್ಲ, ನಾನು ಎಂದೂ ತಪ್ಪೇ ಮಾಡಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳಿ ಉತ್ತರ ಹೊಂದುತ್ತದೆಯೇ ನೋಡುವುದು ಇಂಥ ಪರೀಕ್ಷೆಗಳ ಕ್ರಮ. ಇದ್ದದ್ದನ್ನು ಇದ್ದಂತೆ ಹೇಳಿ.

ಎರಡನೆಯದು ದುಡ್ಡಿನ ವಿಷಯ. ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದರೆ ಎಟಿಸಿ ಕೆಲಸ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ನಾಗರಿಕ ವಿಮಾನಯಾನದ ಎಟಿಸಿಗೆ ಅಂಥ ಡಿಪ್ಲೊಮಾ ದಾರಿ ಇಲ್ಲ. ಪ್ರಾಧಿಕಾರ ನೇಮಕ ಮಾಡಿಕೊಂಡ ಮೇಲೆ ತಾನೇ ಪ್ರಯಾಗರಾಜ್, ಗೊಂದಿಯಾ, ಹೈದರಾಬಾದಿನ ಕೇಂದ್ರಗಳಲ್ಲಿ ತರಬೇತಿ ಕೊಡುತ್ತದೆ. ಅರ್ಜಿ ಶುಲ್ಕ 1,000 ರೂಪಾಯಿ, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅದೂ ಇಲ್ಲ. ಅದಕ್ಕಿಂತ ಹೆಚ್ಚು ಕೇಳುವವರು ಮೋಸಗಾರರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ‘ವಿಮಾನದ ಕೋರ್ಸು’ಗಳ ಮೇಲೆ ಆಸಕ್ತಿ ಸಹಜವಾಗಿಯೇ ಹೆಚ್ಚಾಗಿದೆ. ಆ ಕಾರ್ಖಾನೆಗೂ ಈ ಹುದ್ದೆಗೂ ನೇರ ಸಂಬಂಧವಿಲ್ಲ.

ಮೂರನೆಯದು, ಕೆಲಸದ ಸ್ವರೂಪವನ್ನು ಮನೆಯಲ್ಲಿ ಮಾತಾಡದೆ ಇರುವುದು. ಇದು ಪಾಳಿಯ ಕೆಲಸ. ರಾತ್ರಿ ಪಾಳಿ ಇದೆ, ಹಬ್ಬದ ದಿನವೂ ಇದೆ. ದೇಶದ ಯಾವ ಮೂಲೆಗಾದರೂ ಹಾಕಬಹುದು. ತರಬೇತಿಗೆ ಮೊದಲು ಬಾಂಡ್ ಬರೆದುಕೊಡಬೇಕು, ನಡುವೆ ಬಿಟ್ಟರೆ ಹಣ ಕಟ್ಟಬೇಕಾಗುತ್ತದೆ. ಅಪ್ಪ ಅಮ್ಮನ ಜೊತೆ ಈ ಮಾತು ಅರ್ಜಿ ಹಾಕುವ ಮೊದಲೇ ಆಗಲಿ, ಹೆಣ್ಣುಮಕ್ಕಳ ಮನೆಯಲ್ಲಂತೂ ಖಂಡಿತ ಆಗಲಿ.

ಪರೀಕ್ಷೆಯ ದಿನದ ಪ್ರಯಾಣವನ್ನೂ ಲೆಕ್ಕಕ್ಕೆ ಇಡಿ. ಕೇಂದ್ರ ಬೆಂಗಳೂರಿನಲ್ಲಿ ಬಿದ್ದರೆ ಬೆಳಗ್ಗೆ ಹೊರಟು ತಲುಪುತ್ತೇನೆ ಎನ್ನಬೇಡಿ. ತುಮಕೂರಿನ ಹೆದ್ದಾರಿಯೂ ಕುಣಿಗಲ್ ಹೆದ್ದಾರಿಯೂ ನೆಲಮಂಗಲದಲ್ಲೇ ಸೇರುತ್ತವೆ, ಅಲ್ಲಿಂದ ಗೊರಗುಂಟೆಪಾಳ್ಯದವರೆಗಿನ ದಟ್ಟಣೆ ಯಾರ ಪರೀಕ್ಷೆಗೂ ಕಾಯುವುದಿಲ್ಲ. ಹಿಂದಿನ ಸಂಜೆಯೇ ಹೋಗಿ ಉಳಿದುಕೊಳ್ಳಿ, ಚೆನ್ನಾಗಿ ನಿದ್ದೆ ಮಾಡಿ.

ಕೊನೆಯದಾಗಿ ಗುಬ್ಬಿ, ಕುಣಿಗಲ್, ತುಮಕೂರಿನ ಪದವಿ ಕಾಲೇಜುಗಳ ಭೌತಶಾಸ್ತ್ರ ಮತ್ತು ಗಣಿತದ ಅಧ್ಯಾಪಕರಲ್ಲಿ ಒಂದು ವಿನಂತಿ. ನಿಮ್ಮ ಅಂತಿಮ ವರ್ಷದ ತರಗತಿಯಲ್ಲಿ ಒಂದು ಪೀರಿಯಡ್ ಈ ಹುದ್ದೆಗಾಗಿ ತೆಗೆದಿಡಿ. ಅಧಿಸೂಚನೆ ಬಂದಾಗ ಅದರ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕಿ, ಪ್ರಾಧಿಕಾರದ ಜಾಲತಾಣದ ನೇಮಕಾತಿ ಪುಟವನ್ನು ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಿ. ಅರ್ಜಿ ಹಾಕಲು ಸಿಗುವುದು ಸುಮಾರು ಒಂದು ತಿಂಗಳು ಮಾತ್ರ.